ಮಲಗಲು ಆರು ಜನ, ಬೆಲ್ಟ್ ಮಾತ್ರ ನಾಲ್ಕು: ಮೋಟರ್ ಹೋಮ್ ಬಾಡಿಗೆಗೆ ಹಿಡಿಯುವ ಮುಂಚೆ ಇದನ್ನು ಓದಿ

ಒಳಗೇ ಹಾಸಿಗೆ, ಅಡುಗೆ ಒಲೆ ಎಲ್ಲ ಇರುವ ಗಾಡಿಯೇ ಮೋಟರ್ ಹೋಮ್. ಬುಕ್ ಮಾಡುವಾಗ ಬಾಡಿಗೆಯವರು ‘ಆರು ಜನರ ಗಾಡಿ’ ಎಂದಿದ್ದರು. ನಾವೂ ಸರಿಯಾಗಿ ಆರು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ, ತಮ್ಮ. ಹೊರಡುವ ಬೆಳಿಗ್ಗೆ ಮಕ್ಕಳಿಗೆ ಬೆಲ್ಟ್ ಹಾಕಲು ಹೋದಾಗಲೇ ಗೊತ್ತಾಗಿದ್ದು, ಬೆಲ್ಟ್ ಇರುವುದು ನಾಲ್ಕೇ! ಮುಂದೆ ಎರಡು, ಊಟದ ಮೇಜಿನ ಸೀಟಿನಲ್ಲಿ ಎರಡು. ಗೋಡೆ ಪಕ್ಕದ ಉದ್ದ ಸೋಫಾಗೆ ಏನೂ ಇಲ್ಲ. ಕೇಳಿದರೆ, ‘ಆರು ಜನ ಮಲಗಬಹುದು ಅಂದಿದ್ದು, ಕೂತು ಹೋಗಬಹುದು ಅಂತಲ್ಲ’ ಎಂಬ ಉತ್ತರ. ದುಡ್ಡೂ ವಾಪಸ್ ಇಲ್ಲ.

‘ಹಿಂದೆ ಹಾಸಿಗೆ ಇದೆಯಲ್ಲ, ನಾನು ಮಲಗಿಕೊಂಡೇ ಬರ್ತೀನಿ ಬಿಡೋ’ ಎಂದರು ಅಮ್ಮ. ನಾನು ಒಪ್ಪಲಿಲ್ಲ. ಗಂಟೆಗೆ 50 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗಾಡಿ ಡಿಕ್ಕಿಯಾಗಿ ನಿಂತರೂ ಬೆಲ್ಟ್ ಇಲ್ಲದವರು ಅದೇ ವೇಗದಲ್ಲಿ ಮುಂದಕ್ಕೆ ಹೋಗಿ ಬೀಳುತ್ತಾರೆ, ಮುಂದೆ ಕೂತವರ ಮೇಲೆಯೇ ಬೀಳಬಹುದು. ಹಾಸಿಗೆ ಇರುವುದು ಗಾಡಿ ನಿಂತ ಮೇಲೆ ಮಲಗುವುದಕ್ಕೆ. ಹಾಗಾಗಿ ಬುಕ್ ಮಾಡುವಾಗ ‘ಎಷ್ಟು ಜನ ಮಲಗಬಹುದು’ ಎಂದು ಕೇಳಬೇಡಿ. ‘ಎಷ್ಟು ಸೀಟಿಗೆ ಬೆಲ್ಟ್ ಇದೆ, ಫೋಟೋ ಕಳಿಸಿ’ ಎಂದು ಕೇಳಿ.

ಕೊನೆಗೆ ತಮ್ಮ ಒಂದು ಸಣ್ಣ ಕಾರು ಬಾಡಿಗೆಗೆ ತಂದ. ಅಮ್ಮ ಅವನ ಜೊತೆ ನಮ್ಮ ಹಿಂದೆ ಬಂದರು. ಖರ್ಚು ಜಾಸ್ತಿಯಾಯಿತು, ಆದರೆ ಅದರಿಂದ ಒಂದು ಉಪಕಾರವೂ ಆಯಿತು. ನಮಗೆ ಕಾಣದ್ದು ಅಮ್ಮನಿಗೆ ಕಾಣುತ್ತಿತ್ತು. ಹೊರಟ ಐದೇ ನಿಮಿಷಕ್ಕೆ ನನ್ನ ಹೆಂಡತಿಗೆ ಅವರ ಫೋನ್ ಬಂತು: ‘ಬಾಗಿಲ ಮೆಟ್ಟಿಲು ಹೊರಗೇ ಇದೆ, ನಿಲ್ಲಿಸಿ!’ ಆಮೇಲೆ ಪ್ರತಿ ಸಲ ಹೊರಡುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ಹಾಕುವುದನ್ನು ರೂಢಿ ಮಾಡಿಕೊಂಡೆ. ಮೆಟ್ಟಿಲು, ಮೇಲಿನ ಕಿಟಕಿ, ಟೈರು, ಗ್ಯಾಸ್ ಸಿಲಿಂಡರಿನ ವಾಲ್ವ್.

ಇನ್ನೊಂದು ಸಲ, ಒಂದು ತಿರುವಿನಲ್ಲಿ ಗಾಡಿಯ ಬಾಲ ಕಂಬಕ್ಕೆ ತಗುಲುವುದು ಸ್ವಲ್ಪದರಲ್ಲಿ ತಪ್ಪಿತು. ಹಿಂದಿನ ಚಕ್ರದಿಂದ ಆಚೆಗೂ ಗಾಡಿ ತುಂಬಾ ಉದ್ದ ಇರುತ್ತದೆ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಆ ಭಾಗ ಎಡಕ್ಕೆ ಬೀಸುತ್ತದೆ. ಕಾರು ಓಡಿಸಿ ರೂಢಿಯಾದವರಿಗೆ ಇದು ಹೊಳೆಯುವುದೇ ಇಲ್ಲ. ಮೊದಲು ಖಾಲಿ ಮೈದಾನದಲ್ಲಿ ಅರ್ಧ ಗಂಟೆ ತಿರುಗಿಸಿ ನೋಡಿ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿ. ಸೇತುವೆ ಕೆಳಗೆ ಬಂದಾಗ ನೆನಪು ಮಾಡಿಕೊಳ್ಳಲು ಸಮಯ ಇರುವುದಿಲ್ಲ.

ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ವಸ್ತು ಜಾರದ ರಬ್ಬರ್ ಮ್ಯಾಟ್. ತುಂಬಾ ಅಗ್ಗ, ಸುರುಳಿಯಲ್ಲಿ ಸಿಗುತ್ತದೆ, ಕತ್ತರಿಯಿಂದ ಬೇಕಾದ ಅಳತೆಗೆ ಕತ್ತರಿಸಬಹುದು. ಎರಡನೇ ದಿನ ಬ್ರೇಕ್ ಹಾಕಿದಾಗ ಮೇಲಿನ ಕಪಾಟು ತೆರೆದು ಒಂದು ಪಾತ್ರೆ ಹಾರಿತು. ಮಗಳ ಭುಜದ ಪಕ್ಕದಲ್ಲೇ ಬಿತ್ತು. ನನ್ನ ಕೈ ಎಷ್ಟೋ ಹೊತ್ತು ನಡುಗುತ್ತಿತ್ತು. ಅವತ್ತೇ ಎಲ್ಲ ಕಪಾಟು, ಡ್ರಾಯರ್‌ಗೆ ಮ್ಯಾಟ್ ಹಾಸಿದೆವು. ಭಾರದ ಪಾತ್ರೆಗಳನ್ನು ಕೆಳಕ್ಕೆ ಇಳಿಸಿದೆವು. ಪಾತ್ರೆಗಳ ನಡುವೆಯೂ ಒಂದೊಂದು ತುಂಡು ಇಟ್ಟೆವು. ಆಮೇಲೆ ಒಂದು ಚಮಚವೂ ಸದ್ದು ಮಾಡಲಿಲ್ಲ. ಕಪಾಟಿನ ಚಿಲಕ, ಫ್ರಿಜ್ಜಿನ ಲಾಕ್ ನೋಡುವ ಕೆಲಸ ಮಗಳಿಗೆ ಕೊಟ್ಟೆವು. ಅವಳು ‘ಆಯ್ತು’ ಅನ್ನುವವರೆಗೂ ನಾನು ಗಾಡಿ ಸ್ಟಾರ್ಟ್ ಮಾಡುತ್ತಿರಲಿಲ್ಲ.

ನೀರಿನ ಟ್ಯಾಂಕ್ ಸುಮ್ನೆ ತುಂಬಿಸಬೇಡಿ. 100 ಲೀಟರ್ ನೀರೆಂದರೆ 100 ಕಿಲೋ ಭಾರ. ಭಾರ ಹೆಚ್ಚಾದಷ್ಟೂ ಗಾಡಿ ನಿಲ್ಲಲು ದೂರ ಬೇಕು. ಟೈರಿನ ಬದಿಯ ಮೇಲೆ ನಾಲ್ಕು ಅಂಕಿ ಇರುತ್ತದೆ, ಅದನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಇಂಥ ಗಾಡಿಗಳು ತಿಂಗಳುಗಟ್ಟಲೆ ನಿಂತಿರುತ್ತವೆ. ಟೈರು ಸವೆದಂತೆ ಕಾಣದಿದ್ದರೂ ಹಳತಾಗಿರುತ್ತದೆ.

ಇಳಿಜಾರಿನಲ್ಲಿ ಕಡಿಮೆ ಗೇರ್‌ನಲ್ಲೇ ಇಳಿಸಿ. ಬ್ರೇಕ್ ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗಾಳಿ ಜೋರಾಗಿದ್ದ ದಿನ ನಾವು ಹೊರಡಲೇ ಇಲ್ಲ. ಪಕ್ಕದಿಂದ ಗಾಳಿ ಹೊಡೆದರೆ ಇಷ್ಟು ಎತ್ತರದ ಗಾಡಿಯನ್ನು ಹಿಡಿದಿಡುವುದು ಕಷ್ಟ.

ರಾತ್ರಿ ಬೆಚ್ಚಗಾಗಲೆಂದು ಅಡುಗೆ ಒಲೆ ಹಚ್ಚಿಡಬೇಡಿ. ಅದರಿಂದ ಬರಬಹುದಾದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ತಿಳಿಯುವುದೇ ಇಲ್ಲ. ನಮ್ಮ ಗಾಡಿಯಲ್ಲಿ ಅದರ ಅಲಾರಂ ಇತ್ತು, ಬಟನ್ ಒತ್ತಿದರೆ ಸದ್ದೇ ಬರಲಿಲ್ಲ. ತೆರೆದು ನೋಡಿದರೆ ಒಳಗೆ ಬ್ಯಾಟರಿಯೇ ಇಲ್ಲ! ಗಾಡಿ ಕೊಡುವವರ ಎದುರಿನಲ್ಲೇ ಆ ಬಟನ್ ಒತ್ತಿ ನೋಡಿ.