ಟೇಪಿಗೆ ಸಿಗದ ಕಾಮಗಾರಿ

ಏಪ್ರಿಲ್ ತಿಂಗಳೊಳಗೆ ಮನೆ ಕಂದಾಯ ಕಟ್ಟಿದರೆ ಶೇಕಡ 5ರಷ್ಟು ರಿಯಾಯಿತಿ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನಿಗೆ ಶೇಕಡ 5 ಸಣ್ಣ ಮಾತಲ್ಲ, ತಪ್ಪದೆ ಕಟ್ಟುತ್ತೇನೆ. ಆ ವರ್ಷವೂ ಕಟ್ಟಿ ಬಂದು, ನಮ್ಮ ಬೀದಿಯ ಚರಂಡಿಗೆ ಚಪ್ಪಡಿ ಹಾಸುವ ಬಗ್ಗೆ ಹಿಂದಿನ ಸಭೆಯಲ್ಲಿ ಏನು ತೀರ್ಮಾನವಾಯಿತೋ ನೋಡೋಣವೆಂದು ನಗರಸಭೆಯ ಹೊಸ ಜಾಲತಾಣ ತೆರೆದೆ. ಮೇಲ್ಗಡೆ ‘ಕನ್ನಡ’ ಎಂದಿದ್ದುದನ್ನು ಒತ್ತಿದೆ. ಪಟ್ಟಿಯಲ್ಲಿ ‘ಸಭೆಯ ನಿಮಿಷಗಳು’ ಎಂದಿತ್ತು.

ನಡಾವಳಿ ಎಂಬ ಮಾತು ನಮ್ಮ ಊರಿನ ಕಚೇರಿಗಳಲ್ಲಿ ಜವಾನನಿಗೂ ಗೊತ್ತು. ಇಂಗ್ಲಿಷಿನ ‘ಮಿನಿಟ್ಸ್’ ಅನ್ನು ಯಾವುದೋ ಯಂತ್ರ ಗಡಿಯಾರ ನೋಡಿಕೊಂಡು ಅನುವಾದಿಸಿತ್ತು. ಅದರ ಕೆಳಗೆ ‘ಕೋಮಲ ಪ್ರಕಟಣೆಗಳು’. ಇದು ಏನೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದು ತೋರಿಸಿದೆ. ‘ಟೆಂಡರ್ ಅಲ್ಲವೇ? ಎಳನೀರು ಅಂಗಡಿ ಹರಾಜಿಗೆ ಇರಬೇಕು’ ಎಂದು ಹೇಳಿ ಒಗ್ಗರಣೆಗೆ ಹೋದಳು. ನಾನು ನಗುತ್ತಲೇ ನಿಮಿಷಗಳನ್ನು ಒತ್ತಿದೆ. ‘ಮಾಹಿತಿಯನ್ನು ಶೀಘ್ರದಲ್ಲೇ ಪ್ರಕಟಿಸಲಾಗುವುದು’ ಎಂದು ಬಂತು. ಕೋಮಲವನ್ನು ಒತ್ತಿದೆ. ಅಲ್ಲೂ ಶೀಘ್ರದಲ್ಲೇ. ಕಡೆಗೆ ‘ಮಾಹಿತಿ ಹಕ್ಕು’ ಎಂಬುದನ್ನು ಒತ್ತಿದೆ. ಕಾಯ್ದೆಯ ಕಲಂ 4(1)(ಬಿ) ಪ್ರಕಾರ ಯಾರೂ ಅರ್ಜಿ ಹಾಕದಿದ್ದರೂ ಕಚೇರಿ ತಾನಾಗಿಯೇ 17 ಅಂಶಗಳನ್ನು ಪ್ರಕಟಿಸಬೇಕು. ಅಧಿಕಾರಿಗಳ ಸಂಬಳವೂ ಅದರಲ್ಲಿದೆ, ಬಜೆಟ್ಟೂ ಇದೆ. ಆ ಪುಟದಲ್ಲೂ ಅದೇ ಸಾಲು. ಅಷ್ಟು ಹೊತ್ತಿಗೆ ನಗು ನಿಂತಿತ್ತು.

ಇದಕ್ಕೆ ಎಷ್ಟು ಖರ್ಚಾಗಿರಬಹುದು? ಕ್ಷೌರದಂಗಡಿಯಲ್ಲಿ ಇಪ್ಪತ್ತೈದು ಲಕ್ಷ ಎಂದರು. ಇನ್ನೊಬ್ಬರು ನಲವತ್ತು ಎಂದರು. ಕ್ಷೌರದಂಗಡಿಯ ಲೆಕ್ಕಕ್ಕೆ ವೋಚರ್ ಇರುವುದಿಲ್ಲ.

ನನ್ನ ಅಕ್ಕನ ಮಗ ಹಿಂದೆ ಕೆಲವು ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ. ಫೋನಿನಲ್ಲಿ ನನ್ನ ಗೊಣಗಾಟ ಕೇಳಿ, ‘ಮಾವ, ಇದು ನಿಮ್ಮ ಊರಿನ ರೋಗವಲ್ಲ’ ಎಂದು ಅಲ್ಲಿನ ಕಥೆ ಹೇಳಿದ. 2009ರಲ್ಲಿ ಆ ನಗರದ ಕೌನ್ಸಿಲ್ ಹೊಸ ಜಾಲತಾಣ ಮಾಡಿಸಿತು. ಮೊದಲ ಅಂದಾಜು 5,80,000 ಪೌಂಡ್. ಮುಗಿಯುವ ಹೊತ್ತಿಗೆ 28 ಲಕ್ಷ ಪೌಂಡ್. ಇದು ಹೊರಬಿದ್ದದ್ದು ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಹಾಕಿದ ಅರ್ಜಿಯಿಂದ. ಊರಿನ ಕೆಲವು ಕಂಪ್ಯೂಟರ್ ಬಲ್ಲವರು ರೇಗಿಹೋಗಿ, ಕೌನ್ಸಿಲ್‌ನದೇ ವಿವರಗಳನ್ನು ಇಟ್ಟುಕೊಂಡು ತಾವೇ ಇನ್ನೊಂದು ಜಾಲತಾಣ ಕಟ್ಟಿ ತೋರಿಸಿದರಂತೆ. ನನಗೆ ಕಟ್ಟಲು ಬರುವುದಿಲ್ಲ. ಅರ್ಜಿ ಬರೆಯಲು ಬರುತ್ತದೆ.

ನಮ್ಮ ರಾಜ್ಯದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ನನ್ನ ಮೊದಲ ಕರಡು ನಾನೂರು ಪದ ದಾಟಿತ್ತು. ಅದರಲ್ಲಿ ಕನ್ನಡಮ್ಮನ ಕಣ್ಣೀರೂ ಇತ್ತು. ಮೊದಲು ವಿಶೇಷಣಗಳು ಹೋದವು, ಆಮೇಲೆ ಕಣ್ಣೀರು ಹೋಯಿತು. ಈ ಮಿತಿಯನ್ನು ಬೈಯುವವರಿದ್ದಾರೆ, ಅವರ ಕಾರಣಗಳೂ ಸರಿಯೇ. ನನಗಂತೂ ಅದು ಉಪಕಾರ ಮಾಡಿತು. ಕಾರ್ಯಾದೇಶ, ಷರತ್ತುಗಳು, ಬಿಲ್ಲುಗಳು, ಕೆಲಸ ಮುಗಿದಿದೆ ಎಂಬ ದೃಢೀಕರಣ ಎಂಬ ನಾಲ್ಕೇ ಉಳಿದವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಟಪಾಲು ಶಾಖೆಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡೆ.

ಮೂವತ್ತು ದಿನದೊಳಗೆ ಉತ್ತರ ಬರಬೇಕು. ಹಿಂಬರಹದ ಮೇಲಿನ ದಿನಾಂಕ ಇಪ್ಪತ್ತೆಂಟನೆಯ ದಿನದ್ದು, ಲಕೋಟೆಯ ಮೇಲಿನ ಅಂಚೆ ಮುದ್ರೆ ಮೂವತ್ತಾರನೆಯ ದಿನದ್ದು. ಕೋರಿದ ಮಾಹಿತಿ ಗುತ್ತಿಗೆದಾರರ ವಾಣಿಜ್ಯ ಗೋಪ್ಯತೆಗೆ ಸಂಬಂಧಿಸಿರುವುದರಿಂದ ಕಲಂ 8(1)(ಡಿ) ಅಡಿ ನೀಡಲು ಬರುವುದಿಲ್ಲವೆಂದಿತ್ತು. ತೆರಿಗೆ ಹಣದಲ್ಲಿ ಕೊಟ್ಟ ಬಿಲ್ಲು ಗೋಪ್ಯವಾಗುವುದು ಹೇಗೆಂದು ಕೇಳಿ ಪ್ರಥಮ ಮೇಲ್ಮನವಿ ಹಾಕಿದೆ. ವಿಚಾರಣೆ ಹತ್ತು ನಿಮಿಷವೂ ನಡೆಯಲಿಲ್ಲ. ಕಡತವನ್ನೇ ಅರ್ಜಿದಾರರಿಗೆ ತೋರಿಸಿ, ಬೇಕಾದ ಪುಟಗಳ ನಕಲು ಕೊಡಿ ಎಂದು ಆದೇಶವಾಯಿತು. ಹಾಗೆ ನೋಡುವುದೂ ಕಾಯ್ದೆ ಕೊಟ್ಟ ಹಕ್ಕೇ. ಎಷ್ಟೋ ಅರ್ಜಿದಾರರು ನಕಲಿಗೆಂದು ತಿಂಗಳುಗಟ್ಟಲೆ ಕಾಯುತ್ತಾರೆ, ಕಡತವನ್ನೇ ಕಣ್ಣಾರೆ ನೋಡಬಹುದೆಂಬುದನ್ನು ಮರೆತಿರುತ್ತಾರೆ. ನಾನೂ ಮರೆತಿದ್ದೆ.

ಹಾಗಾಗಿ ಜುಲೈ ತಿಂಗಳ ಒಂದು ಬುಧವಾರ, ಜಿಟಿಜಿಟಿ ಮಳೆಯಲ್ಲಿ, ಹತ್ತೂವರೆಗೆ ನಗರಸಭೆಯ ಮೊದಲ ಮಹಡಿಯಲ್ಲಿದ್ದೆ. ವಿಷಯ ನಿರ್ವಾಹಕಿ ನನ್ನ ಮಗಳ ವಯಸ್ಸಿನವರು. ಬೀರುವಿನ ಪಕ್ಕದ ಮೇಜಿನ ಮೇಲಿದ್ದ ಅರ್ಜಿಗಳ ರಾಶಿಯನ್ನು ಸರಿಸಿ, ‘ಇಲ್ಲಿ ಕುಳಿತು ನೋಡಿ ಸರ್. ಪೆನ್ನಿನಲ್ಲಿ ಏನೂ ಗುರುತು ಹಾಕಬೇಡಿ’ ಎಂದರು. ಅದು ನನಗೆ ಹೇಳಬೇಕಾದ ಮಾತಲ್ಲ. ಜೇಬಿನಿಂದ ಪೆನ್ಸಿಲ್ಲನ್ನೂ ನನ್ನದೇ ಹಾಳೆಯನ್ನೂ ತೆಗೆದಿಟ್ಟೆ.

ಕಳ್ಳನನ್ನು ಹಿಡಿಯಲೆಂದೇ ಹೋಗಿದ್ದೆ, ಸುಳ್ಳೇಕೆ ಹೇಳಲಿ. ಒಂದೇ ಟೈಪ್‌ರೈಟರಿನಲ್ಲಿ ಹುಟ್ಟಿದ ಮೂರು ದರಪಟ್ಟಿಗಳು, ಒಂದೇ ಕಾಗುಣಿತದ ತಪ್ಪು, ಹಿಂದಿನ ದಿನಾಂಕ ಹಾಕಿದ ಸಹಿ. ಬ್ಯಾಂಕಿನ ತಪಾಸಣೆಯಲ್ಲಿ ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ಒಂದೂ ಸಿಗಲಿಲ್ಲ. ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆದಿದ್ದರು, ಮೂವರು ಬಂದಿದ್ದರು, ಕಡಿಮೆ ದರದವರಿಗೆ ಕೆಲಸ ಸಿಕ್ಕಿತ್ತು. ಟಿಪ್ಪಣಿ ಪುಟಗಳಲ್ಲಿ ‘ಪರಿಶೀಲಿಸಿ ಮಂಡಿಸಿ’, ‘ನಿಯಮಾನುಸಾರ ಕ್ರಮವಹಿಸಿ’ ಎಂಬ ಷರಾಗಳು ಸಾಲಾಗಿ ಇಳಿದುಬಂದಿದ್ದವು. ಪುಟಸಂಖ್ಯೆ ಕೂಡ ಎಲ್ಲೂ ತಪ್ಪಿರಲಿಲ್ಲ. ಬಿಲ್ಲು 9,44,000 ರೂಪಾಯಿ, ತೆರಿಗೆ ಬೇರೆ. ಕ್ಷೌರದಂಗಡಿಯ ಲೆಕ್ಕದಲ್ಲಿ ಅರ್ಧವೂ ಇಲ್ಲ. ಒಂದು ಕ್ಷಣ ನನಗೆ ನಿರಾಸೆಯಾಯಿತು, ಆಮೇಲೆ ಆ ನಿರಾಸೆಗೆ ನಾಚಿಕೆಯಾಯಿತು.

ಆಮೇಲೆ ಕಾರ್ಯಾದೇಶ ಓದಿದೆ. ಕೆಲಸದ ವಿವರಣೆ ಒಂದೇ ಸಾಲಿನದು: ದ್ವಿಭಾಷಾ ಜಾಲತಾಣ ಅಭಿವೃದ್ಧಿಪಡಿಸುವುದು, ಪುಟವೊಂದಕ್ಕೆ 4,000 ರೂಪಾಯಿಯಂತೆ. ಪುಟದಲ್ಲಿ ಏನಿರಬೇಕು? ಇಲ್ಲ. ಕನ್ನಡವನ್ನು ಯಾರು ಓದಿ ನೋಡಬೇಕು? ಇಲ್ಲ. ವಿವರ ಯಾರು ಕೊಡಬೇಕು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಅದೂ ಇಲ್ಲ. ನಮ್ಮ ಬೀದಿಯ ಚರಂಡಿಯ ಟೆಂಡರನ್ನು ನಾನು ನೋಡಿದ್ದೇನೆ. ಸಿಮೆಂಟು ಎಷ್ಟು, ಮರಳು ಎಷ್ಟು, ಜಲ್ಲಿ ಯಾವ ಗಾತ್ರ, ನೀರುಣಿಸುವುದು ಎಷ್ಟು ದಿನ ಎಂದು ಪುಟಗಟ್ಟಲೆ ಬರೆದಿರುತ್ತಾರೆ. ಒಂದು ಚರಂಡಿಗೆ ಇರುವಷ್ಟು ಜಾತಕ ಇದಕ್ಕೆ ಇರಲಿಲ್ಲ.

ಬಿಲ್ಲಿನ ಹಿಂದೆ ಅಳತೆ ಪುಸ್ತಕದ ಹಾಳೆಯ ನಕಲಿತ್ತು. ಚರಂಡಿಗೂ ರಸ್ತೆಗೂ ಬಳಸುವ ಅದೇ ಪುಸ್ತಕ. ಉದ್ದ, ಅಗಲ, ಆಳ ಎಂಬ ಕಾಲಂಗಳಿಗೆ ಚೊಕ್ಕವಾಗಿ ಅಡ್ಡಗೆರೆ ಎಳೆದು, ಸಂಖ್ಯೆಯ ಕಾಲಂನಲ್ಲಿ 236 ಎಂದು ಬರೆದಿದ್ದರು. ಕೆಳಗೆ ಕಿರಿಯ ಎಂಜಿನಿಯರ್ ಸಹಿ: ‘ಕಾಮಗಾರಿಯು ತೃಪ್ತಿಕರವಾಗಿ ಪೂರ್ಣಗೊಂಡಿರುತ್ತದೆ’.

ಹನ್ನೊಂದೂವರೆಗೆ ಆ ಎಂಜಿನಿಯರ್ ತಾನಾಗಿಯೇ ಬಂದ. ಪ್ಯಾಂಟಿನ ಅಂಚಿಗೆಲ್ಲ ಕೆಸರು. ಯಾವುದೋ ವಾರ್ಡಿನಲ್ಲಿ ಪೈಪು ಒಡೆದಿತ್ತಂತೆ. ನಾನು ಆ ಹಾಳೆಯ ಮೇಲೆ ಬೆರಳಿಟ್ಟಿದ್ದನ್ನು ನೋಡಿದ. ‘ಕಾಮಗಾರಿ ಎಂದು ಬಿಲ್ಲು ಬಂದರೆ ಸಹಿ ನನ್ನದೇ ಆಗಬೇಕು ಸರ್. ನಾನು ಸಿವಿಲ್ ಓದಿದವನು. ಕಂಪನಿಯವರು ಪಟ್ಟಿ ಕೊಟ್ಟರು, ಪಟ್ಟಿಯಲ್ಲಿ 236 ಇತ್ತು, ಎಣಿಸಿದೆ’ ಎಂದ. ‘ತೆರೆದು ನೋಡಿದಿರಾ?’ ಎಂದು ಕೇಳಿದೆ. ‘ಕೆಲವನ್ನು ನೋಡಿದೆ’ ಎಂದು ನೆಲ ನೋಡಿದ. ನಾನು ಬ್ಯಾಂಕಿನಲ್ಲಿ ಸಹಿ ಹಾಕಿದ ಎಷ್ಟು ಕಾಗದಗಳನ್ನು ಪೂರ್ತಿ ಓದಿದ್ದೆ ಎಂದು ಅವನು ತಿರುಗಿ ಕೇಳಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಕೇಳಲಿಲ್ಲ. ಟೀ ಕುಡಿದು ಪೈಪಿನ ಕಡೆಗೆ ಹೋದ.

ಪುಟಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಎಣಿಸಲು ಕುಳಿತೆ. ಕಚೇರಿಯ ಕಂಪ್ಯೂಟರಿನಲ್ಲಿ ಜಾಲತಾಣ ತೆರೆಯಲೇ ಇಲ್ಲ. ಆ ಹುಡುಗಿ ತಮ್ಮ ಮೊಬೈಲಿನಲ್ಲಿ ತೆರೆದು, ಕೈಗೆ ಬಿಡುವಾದಾಗಲೆಲ್ಲ ಒಂದೊಂದೇ ಒತ್ತುತ್ತ ಹೇಳುತ್ತ ಹೋದರು. ನಾನು ಗೆರೆ ಎಳೆಯುತ್ತ ಹೋದೆ. ಅವರಿಗೂ ಕುತೂಹಲ ಹತ್ತಿತ್ತು. ಪುಟಗಳು 118, ಕನ್ನಡಕ್ಕೊಂದು ಇಂಗ್ಲಿಷಿಗೊಂದು ಎಂದು ಎರಡಾಗಿ 236. ಆ 118ರಲ್ಲಿ 31 ಪುಟಗಳು 31 ವಾರ್ಡುಗಳವು. ಪ್ರತಿಯೊಂದರಲ್ಲೂ ವಾರ್ಡಿನ ಸಂಖ್ಯೆ, ಸದಸ್ಯರ ಹೆಸರು, ಕೈಮುಗಿದ ಫೋಟೋ. ಒಂದು ಹಾಳೆಯಲ್ಲಿ ಮುಗಿಯುವ ಪಟ್ಟಿ. ‘ಶೀಘ್ರದಲ್ಲೇ’ ಪುಟಗಳು 47. ಎರಡು ಭಾಷೆಗೆ 94. ನಾಲ್ಕು ಸಾವಿರದಂತೆ 3,76,000 ರೂಪಾಯಿ. ಒಂದೇ ಸಾಲನ್ನು ತೊಂಬತ್ತನಾಲ್ಕು ಸಲ ಕೊಂಡಿದ್ದೆವು.

ಸರ್ಕಾರಿ ಜಾಲತಾಣಗಳು ಹೇಗಿರಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ 2009ರಿಂದಲೇ ಇದೆ. ‘ನಿರ್ಮಾಣ ಹಂತದಲ್ಲಿದೆ’ ಎನ್ನುವಂಥ ಪುಟಗಳಿಗೆ ಕೊಂಡಿ ಕೊಡಲೇಬಾರದೆಂದು ಅದರಲ್ಲಿದೆ. ಆ ಮಾರ್ಗಸೂಚಿಯಂತೆ ಇರತಕ್ಕದ್ದು ಎಂಬ ಒಂದು ವಾಕ್ಯವನ್ನು ಕಾರ್ಯಾದೇಶಕ್ಕೆ ಸೇರಿಸಿದ್ದರೆ ಆ ಎಂಜಿನಿಯರ್ ಕೈಗೆ ಅಳೆಯಲು ಒಂದು ಟೇಪಾದರೂ ಸಿಕ್ಕಿರುತ್ತಿತ್ತು.

ಊಟದ ಹೊತ್ತಿಗೆ ಕೌಂಟರಿನ ಜನ ಕರಗಿದರು. ಡಬ್ಬಿ ತೆರೆಯುತ್ತ ಆಕೆ ಕೇಳಿದರು, ‘ಸರ್, ಇಲ್ಲಿಗೆ ಬರುವವರಿಗೆ ಬೇಕಾಗಿರುವುದು ಏನೆಂದು ಹೇಳಲೇ? ಖಾತೆ, ಕಂದಾಯ, ಜನನ ಪ್ರಮಾಣಪತ್ರ, ನೀರಿನ ಬಿಲ್ಲು. ಖಾತೆಗೆ ಇ-ಆಸ್ತಿ ಇದೆ, ಜನನಕ್ಕೆ ಇ-ಜನ್ಮ ಇದೆ. ಎಲ್ಲವೂ ರಾಜ್ಯದ್ದು. ಇದರಲ್ಲಿ ಅದಾವುದೂ ಆಗುವುದಿಲ್ಲ. ಮಾಡಿಸುವ ಮೊದಲು ಈ ಕೌಂಟರಿನಲ್ಲಿ ಕೂರುವವರನ್ನು ಒಂದು ಮಾತು ಕೇಳಿದ್ದರೆ ಇವೆಲ್ಲಕ್ಕೂ ಹೋಗುವ ದಾರಿಯನ್ನಾದರೂ ಹಾಕಿಸುತ್ತಿದ್ದೆವು.’ ಹಾಗಾದರೆ ಈಗ ಹಾಕಿಸಬಹುದಲ್ಲ ಎಂದೆ. ಒಳಗೆ ಹೋಗಿ ತಿದ್ದುವ ಪಾಸ್‌ವರ್ಡ್ ಕಚೇರಿಯಲ್ಲಿ ಯಾರ ಬಳಿಯೂ ಇಲ್ಲವಂತೆ. ಕಂಪನಿಗೆ ಇಮೇಲ್ ಕಳಿಸಬೇಕು. ನಿಮಿಷಗಳನ್ನು ನಡಾವಳಿ ಮಾಡಿ ಎಂದು ಅವರೇ ಎರಡು ಸಲ ಕಳಿಸಿದ್ದಾರಂತೆ. ಅದು ಕೇಳಿ ನನಗೆ ಬೆಳಗಿನಿಂದ ಮೊದಲ ಬಾರಿಗೆ ಸಮಾಧಾನವಾಯಿತು; ಆ ಎರಡು ಪದ ಇನ್ನೊಬ್ಬರಿಗೂ ಚುಚ್ಚಿತ್ತಲ್ಲ.

ಬೇಕಾದ 38 ಪುಟಗಳಿಗೆ ಎರಡು ರೂಪಾಯಿಯಂತೆ 76 ರೂಪಾಯಿ ಕಟ್ಟಿ ರಸೀದಿ ಪಡೆದೆ. ಹೊರಡುವಾಗ ನನ್ನ ಪೆನ್ಸಿಲ್ ಹಾಳೆಯನ್ನು ಮಡಚುತ್ತಿದ್ದರೆ ಆಕೆ, ‘ಅದನ್ನು ಕೊಡುತ್ತೀರಾ ಸರ್?’ ಎಂದರು. ಕಡತದ ಕೊನೆಯ ಟಿಪ್ಪಣಿ ತೋರಿಸಿದರು. ವಾರ್ಷಿಕ ನಿರ್ವಹಣೆಯ ಬಿಲ್ಲು ಬಂದಿದೆ, ಪಾವತಿಗೆ ಮಂಡಿಸಬೇಕು. ಅದೂ ಪುಟದ ಲೆಕ್ಕದಲ್ಲೇ, 236ಕ್ಕೆ.

ಕೊಡಲು ಹೋದೆ. ‘ಹಾಗೆಯೇ ಕೈಯಲ್ಲಿ ತೆಗೆದುಕೊಂಡರೆ ಅದಕ್ಕೆ ಪುಟಸಂಖ್ಯೆ ಹಾಕಲು ಬರುವುದಿಲ್ಲ ಸರ್. ಟಪಾಲಿನಲ್ಲಿ ಕೊಡಿ’ ಎಂದರು. ಅವರದೇ ಮೇಜಿನ ಮೇಲೆ, ಅವರೇ ಕೊಟ್ಟ ಬಿಳಿ ಹಾಳೆಯಲ್ಲಿ ಪೌರಾಯುಕ್ತರಿಗೆ ಮೂರು ಸಾಲಿನ ಪತ್ರ ಬರೆದೆ: ಪರಿಶೀಲನೆಯ ವೇಳೆ ಎಣಿಸಿದ ಪುಟಗಳ ವಿವರ ಲಗತ್ತಿಸಿದೆ. ಕೆಳಗಿನ ಮಹಡಿಯಲ್ಲಿ ಮೊಹರು ಬಿತ್ತು. ನಾನು ಕೊಡೆ ಬಿಚ್ಚುವಷ್ಟರಲ್ಲಿ ಜವಾನ ಆ ಎರಡು ಹಾಳೆಗಳನ್ನು ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಕಡತ 141ಕ್ಕೆ ನಿಂತಿತ್ತು. ಪತ್ರ 142, ಪೆನ್ಸಿಲ್ ಹಾಳೆ 143.