ಬೆಲ್ಮಾಂಟ್ ದಾರಿಯಲ್ಲಿ ಅಪ್ಪ, ಮಗನ ದನಿ

ಜಮೈಕಾದ ಮಿಡ್ಲ್ ಕ್ವಾರ್ಟರ್ಸ್ ಅನ್ನೋ ಊರಲ್ಲಿ ಕಾರು ನಿಂತ ಕೂಡಲೇ ಮೂರ್ನಾಲ್ಕು ಹೆಂಗಸರು ಕಿಟಕಿಗೇ ಬಂದರು. ಎಲ್ಲರ ಕೈಯಲ್ಲೂ ಸಣ್ಣ ಪ್ಲಾಸ್ಟಿಕ್ ಚೀಲ. ಒಳಗೆ ಕೆಂಪಗೆ ಬೆಂದ ಸಿಗಡಿ. ಅಣ್ಣ ಎರಡು ಚೀಲ ತಗೊಂಡ. ಖಾರ ಅಂದ್ರೆ ಅಂಥಿಂಥ ಖಾರ ಅಲ್ಲ. ಸ್ಕಾಚ್ ಬಾನೆಟ್ ಎಂಬ ಇಲ್ಲಿನ ಮೆಣಸಿನಕಾಯಿ ನೋಡೋಕೆ ಪುಟ್ಟ ಕುಂಬಳಕಾಯಿ ತರ ಮುದ್ದಾಗಿದೆ. ಗುಂಟೂರು ಮೆಣಸಿನಕಾಯಿ ತಿಂದು ಬೆಳೆದ ನಮ್ಮಿಬ್ಬರ ಕಣ್ಣಲ್ಲೂ ನೀರು ಬಂತು.

ಮೂಗು ಒರೆಸಿಕೊಳ್ಳುತ್ತಾ ಕೂತಿದ್ದಾಗ ಕಾರಿನ ಸ್ಟೀರಿಯೋದಲ್ಲಿ ಹಾಡು ಬದಲಾಯಿತು.

"ಪೀಟರ್ ಟಾಶ್!" ಅಂದ ಅಣ್ಣ.

ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿ ನಕ್ಕರು. "ಅಲ್ಲ. ಇದು ಮಗ, ಆಂಡ್ರ್ಯೂ."

ಅಣ್ಣ ಕೈಯಲ್ಲಿದ್ದ ಸಿಗಡಿ ಚೀಲ ಕೆಳಗಿಟ್ಟ. ಮೂವತ್ತು ವರ್ಷ ಒಂದೇ ದನಿ, ಜಮೈಕಾದ ರೆಗೇ ಸಂಗೀತದ ಹಾಡುಗಾರ ಪೀಟರ್ ಟಾಶ್ ದನಿ, ಕೇಳಿಕೊಂಡು ಬಂದವನು ಅವನು. ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾಗ ಯಾರದೋ ಕ್ಯಾಸೆಟ್‌ನಿಂದ ಖಾಲಿ ಕ್ಯಾಸೆಟ್‌ಗೆ ಹಾಡು ಹಾಕಿಸಿಕೊಂಡಿದ್ದ. ಎ ಸೈಡ್ ಮಾತ್ರ ತುಂಬಿತ್ತು. ರಜೆಗೆ ಮನೆಗೆ ಬಂದಾಗ ಅದೊಂದೇ ಹಾಡಿಸುತ್ತಿದ್ದ. ನಾನಾಗ ಹೈಸ್ಕೂಲು. ಒಂದು ಪದವೂ ಅರ್ಥ ಆಗುತ್ತಿರಲಿಲ್ಲ, ಕಾಲು ಮಾತ್ರ ತಾನಾಗಿ ಕುಣಿಯುತ್ತಿತ್ತು.

2019ರ ಜನವರಿಯಲ್ಲಿ ನಾವು ಜಮೈಕಾಗೆ ಹೋಗಿದ್ದು ಆ ಕ್ಯಾಸೆಟ್‌ನಿಂದಾಗಿಯೇ. ಅಣ್ಣ ಅದನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟು ತಂದಿದ್ದ.

ಜಮೈಕಾ ಅಂದರೆ ಎಲ್ಲರೂ ಬಾಬ್ ಮಾರ್ಲಿ ಅಂತಾರೆ. ರಾಜಧಾನಿ ಕಿಂಗ್‌ಸ್ಟನ್‌ನ ಹೋಪ್ ರಸ್ತೆಯ 56ನೇ ನಂಬರಿನ ಅವರ ಮನೆಗೆ ನಾವೂ ಹೋದೆವು. ಜನವೋ ಜನ. ಆದರೆ ಅಣ್ಣನಿಗೆ ನೋಡಬೇಕಿದ್ದದ್ದು ನ್ಯೂ ಕಿಂಗ್‌ಸ್ಟನ್‌ನ ಟ್ರಫಾಲ್ಗರ್ ರಸ್ತೆಯಲ್ಲಿರುವ ಪೀಟರ್ ಟಾಶ್ ಮ್ಯೂಸಿಯಂ. 2016ರ ಅಕ್ಟೋಬರ್ 19ಕ್ಕೆ, ಅಂದರೆ ಪೀಟರ್ ಹುಟ್ಟಿದ ದಿನಕ್ಕೇ, ಅದು ಶುರುವಾಯಿತು. ಅವರು ತೀರಿಕೊಂಡು ಅಷ್ಟು ಹೊತ್ತಿಗೆ 29 ವರ್ಷ ಆಗಿತ್ತು. ಬಾಬ್, ಪೀಟರ್, ಬನ್ನಿ ವೇಲರ್ ಮೂವರೂ ಸೇರಿ 1963ರಲ್ಲಿ ಟ್ರೆಂಚ್ ಟೌನ್‌ನ ಬಡ ಓಣಿಯಲ್ಲಿ ವೇಲರ್ಸ್ ತಂಡ ಕಟ್ಟಿದವರು. ಒಬ್ಬರ ಮನೆ ನೋಡೋಕೆ ಸಾಲು ನಿಲ್ಲಬೇಕು. ಇನ್ನೊಬ್ಬರ ಮ್ಯೂಸಿಯಂನಲ್ಲಿ ಆ ಬೆಳಿಗ್ಗೆ ನಾವಿಬ್ಬರೇ. ನನಗಂತೂ ತುಂಬಾ ಬೇಜಾರಾಯಿತು.

ಅಲ್ಲಿ ಒಂದು ಗಿಟಾರ್ ಇದೆ. ಎಂ-16 ಬಂದೂಕಿನ ಆಕಾರದ್ದು. 1983ರಲ್ಲಿ ಒಬ್ಬ ಅಭಿಮಾನಿ ಮಾಡಿಕೊಟ್ಟದ್ದು. ಅಣ್ಣ ಅದರ ಮುಂದೆ ಕಾಲು ಗಂಟೆ ನಿಂತ. ಪಕ್ಕದಲ್ಲೇ ಒಂದೇ ಚಕ್ರದ ಸೈಕಲ್ಲು. ಪೀಟರ್‌ಗೆ ಅದನ್ನು ಓಡಿಸೋದು ಅಂದರೆ ಪ್ರಾಣ. ಆರಡಿ ಮೀರಿದ ಎತ್ತರದ ಆಳು, ಕಪ್ಪು ಕನ್ನಡಕ, ಸಿಡುಕು ಮುಖ, ಒಂಟಿ ಚಕ್ರದ ಮೇಲೆ. ನೆನೆಸಿಕೊಂಡರೆ ಖುಷಿಯಾಗುತ್ತದೆ.

ಆ ಸಿಡುಕು ಸುಮ್ನೆ ಬಂದದ್ದಲ್ಲ. 1978ರ ಏಪ್ರಿಲ್ 22ರಂದು ಕಿಂಗ್‌ಸ್ಟನ್‌ನಲ್ಲಿ ಶಾಂತಿಗಾಗಿ ಒಂದು ದೊಡ್ಡ ಸಂಗೀತ ಕಛೇರಿ ನಡೆಯಿತು. ಎರಡು ರಾಜಕೀಯ ಪಕ್ಷಗಳ ಕಡೆಯ ಗುಂಪುಗಳು ಬೀದಿಯಲ್ಲಿ ಗುಂಡು ಹಾರಿಸಿಕೊಳ್ಳುತ್ತಿದ್ದ ಕಾಲ ಅದು. ಪ್ರಧಾನಿ ಮೈಕಲ್ ಮ್ಯಾನ್ಲಿ, ವಿರೋಧ ಪಕ್ಷದ ನಾಯಕ ಎಡ್ವರ್ಡ್ ಸಿಯಾಗ ಇಬ್ಬರೂ ಬಂದಿದ್ದರು. ಕೊನೆಯಲ್ಲಿ ಬಾಬ್ ಆ ಇಬ್ಬರ ಕೈ ಹಿಡಿದು ಮೇಲೆತ್ತಿದ ಫೋಟೋ ಲೋಕಕ್ಕೆಲ್ಲ ಗೊತ್ತು. ಅದಕ್ಕೂ ಮುಂಚೆ ಪೀಟರ್ ಅದೇ ವೇದಿಕೆ ಮೇಲೆ ನಿಂತು, ಅದೇ ಇಬ್ಬರನ್ನು ಮುಖಕ್ಕೆ ಮುಖ ಕೊಟ್ಟು ಬೈದಿದ್ದರು. ಬಡವರಿಗೆ ಆಗುವ ಅನ್ಯಾಯ, ಪೊಲೀಸರ ಕಾಟ, ಏನನ್ನೂ ಬಿಡಲಿಲ್ಲ. ಐದೇ ತಿಂಗಳಲ್ಲಿ ಪೊಲೀಸರು ಅವರನ್ನು ಹಿಡಿದು ಸಾಯುವ ಹಾಗೆ ಹೊಡೆದರು. 1977ರ 'ಈಕ್ವಲ್ ರೈಟ್ಸ್' ಆಲ್ಬಮ್ಮಿನ ತಿರುಳೂ ಇದೇ. ನ್ಯಾಯ ಮೊದಲು, ಶಾಂತಿ ಆಮೇಲೆ. ಇಂಥ ಮಾತನ್ನು ಟೀ-ಶರ್ಟ್ ಮೇಲೆ ಹಾಕಿ ಮಾರೋದು ಕಷ್ಟ, ಅಲ್ವಾ?

ಮಾರನೇ ದಿನ ಬೆಳಿಗ್ಗೆ ಪಶ್ಚಿಮಕ್ಕೆ ಹೊರಟೆವು. ಪೀಟರ್ ಬೆಳೆದದ್ದು ದ್ವೀಪದ ಇನ್ನೊಂದು ತುದಿಯಲ್ಲಿ, ವೆಸ್ಟ್‌ಮೋರ್‌ಲ್ಯಾಂಡ್ ಕಡೆ. ಅವರ ಸಮಾಧಿ ಇರುವುದೂ ಅಲ್ಲೇ, ಬೆಲ್ಮಾಂಟ್ ಎಂಬ ಕಡಲ ತೀರದ ಹಳ್ಳಿಯಲ್ಲಿ. ನಾಲ್ಕು ಗಂಟೆ ದಾರಿ. ಡ್ರೈವರ್‌ಗೆ ಐವತ್ತರ ಮೇಲೆ ವಯಸ್ಸು. ನಾವು ಬೆಂಗಳೂರಿನವರು ಅಂತ ಗೊತ್ತಾದ ಕೂಡಲೇ ಬಾಯಲ್ಲಿ ಬಂದ ಮೊದಲ ಹೆಸರು ಕುಂಬ್ಳೆ. 2006ರಲ್ಲಿ ಸಬೀನಾ ಪಾರ್ಕ್‌ನಲ್ಲಿ ನಡೆದ ಭಾರತದ ಟೆಸ್ಟ್ ಪಂದ್ಯ ನೋಡಿದ್ದರಂತೆ. ದ್ರಾವಿಡ್ 81 ಮತ್ತು 68 ಹೊಡೆದದ್ದು, ಕೊನೆಗೆ ಕುಂಬ್ಳೆ 78 ರನ್ನಿಗೆ 6 ವಿಕೆಟ್ ಕಿತ್ತದ್ದು. "ಆ ದಿನ ನಾನು ಊಟ ಮಾಡಲಿಲ್ಲ" ಅಂದರು. ಅಲ್ಲಿಂದ ನಾವು ನೆಂಟರೇ ಆಗಿಬಿಟ್ಟೆವು.

ಮ್ಯಾಂಡೆವಿಲ್ ಬೆಟ್ಟ, ಸಾಂತಾಕ್ರೂಸ್, ಆಮೇಲೆ ಹಾಲೆಂಡ್ ಬ್ಯಾಂಬೂ. ಸುಮಾರು ನಾಲ್ಕು ಕಿಲೋಮೀಟರ್ ದೂರ ರಸ್ತೆಯ ಎರಡೂ ಕಡೆ ಬಿದಿರು ಬಾಗಿ ಮೇಲೆ ಚಪ್ಪರ ಹಾಕಿತ್ತು. ಅದನ್ನು ದಾಟಿದರೆ ಮಿಡ್ಲ್ ಕ್ವಾರ್ಟರ್ಸ್. ಸಿಗಡಿ, ಖಾರ, ಮಗನ ದನಿ.

ಅಲ್ಲಿಂದ ಮುಂದೆ ಕಾರಿನಲ್ಲಿ ಬರೀ ಆಂಡ್ರ್ಯೂ ಮಾತು. ಡ್ರೈವರ್ ಬೇಕಂತಲೇ ಅಪ್ಪನದೊಂದು ಹಾಡು, ಮಗನದೊಂದು ಹಾಡು ಹಾಕುತ್ತಾ ಅಣ್ಣನನ್ನು ಪರೀಕ್ಷೆ ಮಾಡಿದರು. ಅಣ್ಣ ಕಣ್ಣು ಮುಚ್ಚಿಕೊಂಡು ಹೇಳಬೇಕು. ಆರರಲ್ಲಿ ಮೂರು ತಪ್ಪು. ನಾನೂ ಕಿವಿಗೊಟ್ಟು ಕೇಳಿದೆ. ಇಬ್ಬರದೂ ಗಟ್ಟಿಯಾದ, ಸ್ವಲ್ಪ ಒರಟು ದನಿ. ಸಾಲಿನ ಕೊನೆಗೆ ಪದವನ್ನು ಎಳೆಯದೆ ಪಟ್ಟನೆ ಬಿಟ್ಟುಬಿಡುವ ರೀತಿಯೂ ಒಂದೇ. ಮಗನ ದನಿ ಒಂದು ಎಳೆ ಮೆತ್ತಗೆ ಅನ್ನಿಸಿತು. ಅಷ್ಟೇ.

ರೆಗೇ ಕೇಳಿಲ್ಲದವರಿಗೆ ಅದರ ತಾಳದ ಬಗ್ಗೆ ಒಂದು ಮಾತು. ನಮ್ಮಲ್ಲಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಒತ್ತು, ಎಲ್ಲರೂ ಅಲ್ಲಿಗೇ ಬಂದು ಸೇರಬೇಕು. ರೆಗೇಯ 'ಒನ್ ಡ್ರಾಪ್' ನಡೆಯಲ್ಲಿ ಆ ಸಮವೇ ಖಾಲಿ. ನಾಲ್ಕು ಎಣಿಸಿ. ಒಂದಕ್ಕೆ ಡ್ರಮ್ ಸುಮ್ಮನಿರುತ್ತದೆ. ಎರಡಕ್ಕೆ ಗಿಟಾರ್ 'ಚಕ್' ಅನ್ನುತ್ತದೆ. ಮೂರಕ್ಕೆ ಡ್ರಮ್ಮಿನ ಪೆಟ್ಟು. ನಾಲ್ಕಕ್ಕೆ ಮತ್ತೆ 'ಚಕ್'. ಆ 'ಚಕ್' ಇದೆಯಲ್ಲ, ವೇಲರ್ಸ್ ತಂಡದಲ್ಲಿ ಅದರಲ್ಲಿ ಪೀಟರ್‌ದು ಪಳಗಿದ ಕೈ. ಬಾಬ್‌ಗೆ ಗಿಟಾರ್ ಹೇಳಿಕೊಟ್ಟವರೂ ಪೀಟರೇ ಅಂತಾರೆ. ಪೀಟರ್‌ಗೆ ಕಲಿಸಿದವರು ಯಾರು? ಹಳ್ಳಿಯಲ್ಲಿ ಯಾರೋ ಒಬ್ಬ ಗಿಟಾರ್ ನುಡಿಸುತ್ತಿದ್ದನಂತೆ. ಹುಡುಗ ಅರ್ಧ ದಿನ ಎದುರು ಕೂತು ಬೆರಳನ್ನೇ ನೋಡಿದನಂತೆ. ಆಮೇಲೆ ಗಿಟಾರ್ ಈಸಿಕೊಂಡು ಅದೇ ಹಾಡನ್ನು ಹಾಗೆಯೇ ನುಡಿಸಿದನಂತೆ.

ಆಂಡ್ರ್ಯೂ ಹುಟ್ಟಿದ್ದು 1967ರಲ್ಲಿ. ತಾಯಿ ಶರ್ಲಿ, ಬನ್ನಿ ವೇಲರ್ ಅವರ ಸೋದರಿ. ಅಂದರೆ ಅಪ್ಪ ಪೀಟರ್ ಟಾಶ್, ಸೋದರಮಾವ ಬನ್ನಿ ವೇಲರ್. ಇನ್ನೇನು ಬೇಕು ಅನ್ನಿಸುತ್ತದೆ. ಆದರೆ 1987ರ ಸೆಪ್ಟೆಂಬರ್ 11ರ ರಾತ್ರಿ ಕಿಂಗ್‌ಸ್ಟನ್‌ನ ಪೀಟರ್ ಮನೆಗೆ ಬಂದೂಕು ಹಿಡಿದವರು ನುಗ್ಗಿದರು. ಹಿಂದೊಮ್ಮೆ ಪೀಟರೇ ಸಹಾಯ ಮಾಡಿದ್ದ ಒಬ್ಬ ಆ ಗುಂಪಿನಲ್ಲಿದ್ದ. ಪೀಟರ್ ಜೊತೆ ಇನ್ನಿಬ್ಬರು ಸತ್ತರು. ಪೀಟರ್‌ಗೆ 42 ವರ್ಷ. ಆಂಡ್ರ್ಯೂಗೆ 20. ಅಪ್ಪನ ಅಂತ್ಯಕ್ರಿಯೆಯಲ್ಲಿ ಮಗ ಹಾಡಿದರು. ಮುಂದಿನ ವರ್ಷ ಪೀಟರ್‌ಗೆ ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು. ತೆಗೆದುಕೊಳ್ಳೋಕೆ ಅವರೇ ಇರಲಿಲ್ಲ.

20 ವರ್ಷದ ಹುಡುಗನ ಹೆಗಲ ಮೇಲೆ ಎಷ್ಟು ಭಾರ, ಯೋಚನೆ ಮಾಡಿ. ಆಂಡ್ರ್ಯೂ ತಮ್ಮದೇ ಹಾಡುಗಳನ್ನೂ ಬರೆದರು. 1989ರ ಆಲ್ಬಂ ಗ್ರ್ಯಾಮಿ ಪಟ್ಟಿಯವರೆಗೂ ಹೋಯಿತು. ಅದರ ಹೆಸರಿನ ಅರ್ಥವೇ 'ಎಳೆಯರಿಗೆ ಜಾಗ ಬಿಡಿ' ಅಂತ. ಆದರೂ ಜನ ಕೇಳಿದ್ದು ಅಪ್ಪನ ಹಾಡನ್ನೇ. ಅವರು ಅದಕ್ಕೂ ಇಲ್ಲ ಅನ್ನಲಿಲ್ಲ. ಅಪ್ಪನ ಹಾಡುಗಳದ್ದೇ ಆಲ್ಬಂ ಮಾಡಿದರು. 'ಅವನು ಸಾಯಲೇ ಇಲ್ಲ' ಎಂಬ ಅರ್ಥ ಬರುವ ಹೆಸರಿಟ್ಟರು. ಆಮೇಲೆ ಬರೀ ಅಕೌಸ್ಟಿಕ್, ಅಂದರೆ ಕರೆಂಟ್ ಬೇಡದ, ವಾದ್ಯಗಳಲ್ಲಿ ಇನ್ನೊಂದು ಮಾಡಿದರು.

"ಇದು ನಕಲು ಅಂತ ಕೆಲವರು ಅಂತಾರೆ, ನೀವೇನಂತೀರಿ?" ಅಂತ ಡ್ರೈವರನ್ನು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಾಬ್ ಹಾಡನ್ನು ಹೋಟೆಲಿನವರು ಹಾಡುತ್ತಾರೆ, ವಿಮಾನದಲ್ಲಿ ಹಾಕುತ್ತಾರೆ. ಪೀಟರ್ ಹಾಡನ್ನು ಯಾರು ಹಾಡಬೇಕು?"

ನನಗೆ ಆ ಮಾತು ಸರಿ ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಕೇಳಿದವರಿಗೆ ಇರಿಸುಮುರಿಸು ಮಾಡುವ ಹಾಡು ತಾನಾಗಿ ಉಳಿಯೋದಿಲ್ಲ. ಯಾರಾದರೂ ಊರೂರು ತಿರುಗಿ, ಗಂಟಲು ಬಿಟ್ಟು ಹಾಡಬೇಕು. ಆಂಡ್ರ್ಯೂ ಅದನ್ನು ಮೂವತ್ತು ವರ್ಷಕ್ಕೂ ಜಾಸ್ತಿ ಮಾಡಿಕೊಂಡು ಬಂದಿದ್ದಾರೆ. ಅವರ ಮಗ ಡ್ರೇ ಟಾಶ್ ಕೂಡ ಈಗ ಹಾಡುತ್ತಾರೆ. ಮಗಳ ಪಾಲು ಬೇರೆ. ಪೀಟರ್ ಮಗಳು ನಿಯಾಂಬಿ ಅಮೆರಿಕದಲ್ಲಿ ಮೇಷ್ಟ್ರಾಗಿದ್ದವರು, ಅಪ್ಪನ ಹಾಡುಗಳ ಹಕ್ಕು, ಹೆಸರು ಎಲ್ಲ ನೋಡಿಕೊಳ್ಳುತ್ತಾರೆ. ಇನ್ನೊಬ್ಬ ಮಗ ಜವಾರಾ ಕೂಡ ಹಾಡುಗಾರ. ಗಾಂಜಾ ಕೇಸಿನಲ್ಲಿ ನ್ಯೂಜೆರ್ಸಿಯ ಜೈಲಿಗೆ ಹೋದವರು, 2017ರಲ್ಲಿ ಅಲ್ಲಿ ಇನ್ನೊಬ್ಬ ಕೈದಿಯ ಏಟಿಗೆ ಮಿದುಳಿಗೆ ಪೆಟ್ಟಾಗಿ ಮಲಗಿದವರು, ಮತ್ತೆ ಏಳಲೇ ಇಲ್ಲ. ನಾವು ಹೋಗಿ ಬಂದ ಮರುವರ್ಷ, 2020ರ ಜುಲೈನಲ್ಲಿ, ತೀರಿಕೊಂಡರು. 1970ರ ದಶಕದಲ್ಲಿ ಅಪ್ಪ, ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಕೊಡಿ ಅನ್ನುವ 'ಲೀಗಲೈಸ್ ಇಟ್' ಹಾಡಿದಾಗ ಜಮೈಕಾದ ರೇಡಿಯೋ ಅದನ್ನು ಹಾಕಲಿಲ್ಲ. 2015ರಲ್ಲಿ ಆ ದೇಶವೇ ಕಾನೂನು ಸಡಿಲ ಮಾಡಿತು. ಮಗನ ಪಾಲಿಗೆ ಮಾತ್ರ ಆ ಬದಲಾವಣೆ ಉಪಯೋಗಕ್ಕೆ ಬರಲಿಲ್ಲ.

ಗಾಂಜಾ ಅನ್ನೋ ಪದ ಇಲ್ಲಿಗೆ ಬಂದದ್ದು ನಮ್ಮ ಕಡೆಯಿಂದಲೇ. 1845ರ ಮೇ 10ರಂದು ಮೊದಲ ಹಡಗು ಓಲ್ಡ್ ಹಾರ್ಬರ್ ಬೇಗೆ ಬಂತು. 1917ರ ತನಕ ಸುಮಾರು 36 ಸಾವಿರ ಭಾರತೀಯರನ್ನು ಕಬ್ಬಿನ ತೋಟಗಳಿಗೆ ಕೂಲಿಗೆ ಅಂತ ತಂದರು. ವೆಸ್ಟ್‌ಮೋರ್‌ಲ್ಯಾಂಡ್‌ನಲ್ಲಿ ಅವರ ಮೊಮ್ಮಕ್ಕಳು, ಮರಿಮಕ್ಕಳು ತುಂಬಾ ಜನ ಇದ್ದಾರೆ.

ಬ್ಲ್ಯಾಕ್ ರಿವರ್ ಪಟ್ಟಣದಲ್ಲಿ ಹಳೇ ಮರದ ಮನೆಗಳನ್ನು ನೋಡುತ್ತಾ ನಿಧಾನಕ್ಕೆ ಹೋದೆವು. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಇದೇ ತೀರಕ್ಕೆ ಬಡಿಯಿತು. ಸುದ್ದಿಯಲ್ಲಿ ಬ್ಲ್ಯಾಕ್ ರಿವರ್ ತೋರಿಸಿದಾಗ ಆ ಮನೆಗಳನ್ನು ಹುಡುಕಿದೆ. ಗುರುತೇ ಸಿಗಲಿಲ್ಲ. ಆವತ್ತು ರಾತ್ರಿ ಅಣ್ಣ ಫೋನ್ ಮಾಡಿ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ವೈಟ್‌ಹೌಸ್ ದಾಟಿದ ಮೇಲೆ ಬೆಲ್ಮಾಂಟ್. ಒಂದು ಕಡೆ ಕಡಲು, ಇನ್ನೊಂದು ಕಡೆ ಸಾಲು ಮನೆ. ಸಮಾಧಿ ದೊಡ್ಡದೇನಲ್ಲ. ಹಳ್ಳಿ ದಾರಿಯ ಚಿಕ್ಕ ಗುಡಿಯಷ್ಟಿದೆ. ಕೆಂಪು, ಹಳದಿ, ಹಸಿರು ಬಣ್ಣ. ಅಂಗಳದಲ್ಲಿ ಒಂದು ಮರದ ಕೆಳಗೆ ಸಣ್ಣ ಸಣ್ಣ ಹಣ್ಣು ಉದುರಿದ್ದವು. ಅಣ್ಣ ಒಂದನ್ನು ಎತ್ತಿ ಒರೆಸಿ ಬಾಯಿಗೆ ಹಾಕಿಕೊಂಡ.

"ಎಲಚಿ ಹಣ್ಣು ಕಣೋ!"

ಹೌದು, ಅದೇ. ಇಲ್ಲಿ ಅದಕ್ಕೆ ಕೂಲಿ ಪ್ಲಮ್ ಅಂತಾರೆ. ಆ ಹಡಗುಗಳಲ್ಲಿ ಬಂದವರನ್ನು ಕರೆಯುತ್ತಿದ್ದ ಹೆಸರು ಹಣ್ಣಿಗೂ ಅಂಟಿಕೊಂಡಿದೆ.

ಜಾಗ ನೋಡಿಕೊಳ್ಳುವ ವಯಸ್ಸಾದವರೊಬ್ಬರು ಬಂದು ಬಾಗಿಲು ತೆಗೆದರು. ಒಳಗೆ ತಂಪಾಗಿತ್ತು. ಅಣ್ಣ ಚಪ್ಪಲಿ ಹೊರಗೆ ಬಿಟ್ಟು ಹೋದ. ಯಾರೂ ಹೇಳಿರಲಿಲ್ಲ, ಅಭ್ಯಾಸ. ಅದನ್ನು ನೋಡಿ ಆ ಹಿರಿಯರೂ ತಮ್ಮ ಟೋಪಿ ತೆಗೆದರು.

ಅಣ್ಣ ಬಟ್ಟೆ ಬಿಚ್ಚಿ ಕ್ಯಾಸೆಟ್ ಹೊರಗೆ ತೆಗೆದ. ಎ ಸೈಡ್ ಮೇಲೆ ನೀಲಿ ಇಂಕಿನಲ್ಲಿ ಕನ್ನಡದಲ್ಲಿ 'ಪೀಟರ್ ಟಾಶ್' ಅಂತ ಬರೆದಿತ್ತು. ಇಂಕು ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಹಿರಿಯರು ಅದನ್ನು ಕೈಗೆ ತಗೊಂಡು ಬೆಳಕಿಗೆ ಹಿಡಿದರು.

"ಇದೇನು ಬರೆದಿದೆ?"

ಅಣ್ಣ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದ. ಅವರೂ ಬೆರಳಿಟ್ಟು ಹಾಗೇ ಹೇಳಿದರು. ಪೀ. ಟ. ರ್. ಆಮೇಲೆ ಕ್ಯಾಸೆಟ್ ತಿರುಗಿಸಿದರು. ಬಿ ಸೈಡ್ ಚೀಟಿ ಖಾಲಿ.

"ಇಲ್ಲಿ ಆಂಡ್ರ್ಯೂ ಅಂತ ಬರೆಯಿರಿ" ಅಂದರು.

ನನ್ನ ಹತ್ತಿರ ಪೆನ್ ಇತ್ತು. ಅಣ್ಣ ಸಮಾಧಿಯ ಮೆಟ್ಟಿಲ ಮೇಲೆ ಕೂತು, ಕ್ಯಾಸೆಟ್ ಮೊಣಕಾಲ ಮೇಲಿಟ್ಟುಕೊಂಡು ಬರೆಯಲು ಹೊರಟ. ಹಳೇ ಚೀಟಿ, ಇಂಕು ಹಿಡಿಯುತ್ತಿರಲಿಲ್ಲ. ಎರಡು ಸಲ, ಮೂರು ಸಲ ತಿದ್ದಿ ಒತ್ತಿ ಬರೆದ. 'ಡ್ರ್ಯೂ' ಅಕ್ಷರದ ಒತ್ತು ಸರಿಯಾಗಿ ಮೂಡಿತಾ ಅಂತ ನನ್ನ ಕಡೆ ತೋರಿಸಿದ. ಹೂಂ ಅಂದೆ. ಹಿರಿಯರು ಅದನ್ನು ತಗೊಂಡು, ಇಂಕು ಆರಲಿ ಅಂತ ಊದುತ್ತಾ ಒಳಗೆ ಹೋದರು.