ಕೊಂಡ ಸಿನಿಮಾಕ್ಕೆ ಕಪ್ಪು ಪರದೆ: ಕಲಬುರಗಿಯ ಎರಡು ಟಿವಿ ಮನೆಯ ಎಚ್‌ಡಿಸಿಪಿ ದಿನಚರಿ

ಜೋಡಣೆ ಇಷ್ಟು. ಕಲಬುರಗಿಯ ಹಳೇ ಓಣಿಯೊಂದರ ಎರಡಂತಸ್ತಿನ ಮನೆ. ಕೆಳಗೆ ಪಡಸಾಲೆಯಲ್ಲಿ ಮೊದಮೊದಲು ಬಂದ 4ಕೆ ಟಿವಿಗಳಲ್ಲೊಂದು, ಮೇಲಿನ ಕೋಣೆಯಲ್ಲಿ ಅದಕ್ಕೂ ಹಳೆಯ 1080ಪಿ ಟಿವಿ. ಸ್ಟ್ರೀಮಿಂಗ್ ಬಾಕ್ಸ್ ಮಾತ್ರ ಒಂದೇ, ಕೆಳಗಿದೆ. ಬಾಕ್ಸಿನಿಂದ ಸ್ಪ್ಲಿಟರ್ (ಒಂದೇ ಸಂಕೇತವನ್ನು ಎರಡು ಟಿವಿಗೆ ಹಂಚುವ ಡಬ್ಬಿ), ಅಲ್ಲಿಂದ ಕೆಳಗಿನ ಟಿವಿಗೆ 2 ಮೀಟರ್, ಮೇಲಿನ ಟಿವಿಗೆ 15 ಮೀಟರ್ ತಾಮ್ರದ ಎಚ್‌ಡಿಎಂಐ ಕೇಬಲ್. ಶಹಾಬಾದ ಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ಮೇಲೆ ಹೋಗುವಷ್ಟರಲ್ಲಿ ಸೊರಗುತ್ತದೆ, ಅದಕ್ಕೇ ಕೇಬಲ್ ಎಳೆದದ್ದು.

ತೊಂದರೆ ಏನೆಂದರೆ, ಫೋನಿನಲ್ಲಿ ಹಿಡಿದ ಮದುವೆ ವಿಡಿಯೊ ಎರಡೂ ಟಿವಿಯಲ್ಲಿ ಓಡುತ್ತದೆ. ದುಡ್ಡು ಕೊಟ್ಟು ಕೊಂಡ ಸಿನಿಮಾ ಹಾಕಿದರೆ ಕೆಳಗೆ ‘ಎಚ್‌ಡಿಸಿಪಿ ಬೆಂಬಲವಿಲ್ಲ’ ಎಂಬ ಸಂದೇಶ (ತಂತಿಯಲ್ಲಿ ಹೋಗುವ ಚಿತ್ರವನ್ನು ಯಾರೂ ಕಾಪಿ ಮಾಡದಂತೆ ಹಾಕುವ ಬೀಗವೇ ಎಚ್‌ಡಿಸಿಪಿ). ಮೇಲೆ ಒಮ್ಮೆ ಅದೇ ಸಂದೇಶ, ಒಮ್ಮೆ ಎರಡು ಸೆಕೆಂಡು ಚಿತ್ರ ಬಂದು ಕಪ್ಪು.

ದಿನ 1: ತಂತಿಯೊಳಗೆ ಏನು ನಡೆಯುತ್ತದೆ

ಎಚ್‌ಡಿಎಂಐ ಕೇಬಲಿನಲ್ಲಿ ಚಿತ್ರ ಹೋಗುವ ಎಳೆಗಳು ಬೇರೆ, ಬೀಗದ ಮಾತುಕತೆ ನಡೆಯುವ ಎಳೆಗಳು ಬೇರೆ. ಬೀಗದ ಮಾತು 15 ಮತ್ತು 16ನೇ ಪಿನ್ನುಗಳಲ್ಲಿ, ಅಂದರೆ ಡಿಡಿಸಿ ಎಳೆಗಳಲ್ಲಿ, ನಿಧಾನವಾಗಿ ನಡೆಯುತ್ತದೆ. ಟಿವಿ ಇದೆ ಎಂದು ಬಾಕ್ಸಿಗೆ ತಿಳಿಸುವುದು 19ನೇ ಪಿನ್, ಅದಕ್ಕೆ ಬೇಕಾದ 5 ವೋಲ್ಟ್ ಬರುವುದು 18ರಲ್ಲಿ. ಹಾಗಾಗಿ ‘ಚಿತ್ರ ಬರ್ತದಲ್ಲ, ಕೇಬಲ್ ಚೆನ್ನಾಗೇ ಇದೆ’ ಎನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಮದುವೆ ವಿಡಿಯೊಕ್ಕೆ ಬೀಗ ಬೇಡ, ಸಿನಿಮಾಕ್ಕೆ ಬೇಕು. (ಕೆಲವು ಬಾಕ್ಸುಗಳು ಯಾವಾಗಲೂ ಬೀಗ ಹಾಕಿಯೇ ಕಳಿಸುತ್ತವೆ. ಅಂಥದ್ದರಲ್ಲಿ ಎರಡೂ ನಿಂತುಹೋಗುತ್ತವೆ, ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.)

ಎಚ್‌ಡಿಸಿಪಿ ಆವೃತ್ತಿಗಳ ಲೆಕ್ಕವೂ ಬೇಕು. 1.4 ಹಳೆಯದು. 4ಕೆಗೆ ಕೇಳುವುದು 2013ರಲ್ಲಿ ಬಂದ 2.2. 2.2ರ ಬಾಕ್ಸು 1.4ರ ಟಿವಿಯೊಡನೆ ಮಾತಾಡಬಲ್ಲದು, ಆದರೆ 2.2ನ್ನೇ ಕಡ್ಡಾಯ ಮಾಡಿದ ವಿಡಿಯೊವನ್ನು ಅದಕ್ಕೆ ಕೊಡುವ ಹಾಗಿಲ್ಲ. ಆಗ ಆ್ಯಪ್ ಒಂದೋ ಗುಣಮಟ್ಟ ಇಳಿಸುತ್ತದೆ, ಇಲ್ಲವೇ ಬಾಗಿಲು ಹಾಕುತ್ತದೆ. ನೀವು ಕೊಂಡಿರುವಿರೋ ಇಲ್ಲವೋ ಎಂಬುದು ಈ ಪರೀಕ್ಷೆಗೆ ಬರುವುದೇ ಇಲ್ಲ, ಅದು ನೋಡುವುದು ದಾರಿಯನ್ನು ಮಾತ್ರ.

ದಿನ 2: ಸ್ಪ್ಲಿಟರ್ ಬಿಚ್ಚಿ

ಎಲ್ಲ ತೆಗೆದು, ಬಾಕ್ಸಿನಿಂದ ಕೆಳಗಿನ ಟಿವಿಗೆ ನೇರವಾಗಿ ಒಂದೂವರೆ ಮೀಟರಿನ ಹೊಸ ಕೇಬಲ್. ಆದರೂ ಅದೇ ಸಂದೇಶ. ಇಲ್ಲಿ ಸ್ಪ್ಲಿಟರನ್ನೇ ಬೈಯುತ್ತ ಕೂತಿದ್ದರೆ ವಾರವೇ ಹೋಗುತ್ತಿತ್ತು.

ಕಾರಣ ಟಿವಿಯ ಹಿಂದಿತ್ತು. ಆ ಕಾಲದ ಹಲವು 4ಕೆ ಟಿವಿಗಳಲ್ಲಿ ಎಲ್ಲ ಎಚ್‌ಡಿಎಂಐ ಪೋರ್ಟುಗಳೂ 2.2 ಅಲ್ಲ, ಒಂದೋ ಎರಡೋ ಮಾತ್ರ. ಪೋರ್ಟಿನ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಟಾರ್ಚ್ ಹಿಡಿದೇ ಓದಬೇಕು. ಬಾಕ್ಸ್ ಇದ್ದದ್ದು 1ರಲ್ಲಿ, 2.2 ಇದ್ದದ್ದು 3ರಲ್ಲಿ. ಬದಲಿಸಿ, ಬಾಕ್ಸನ್ನು ಗೋಡೆಯ ಪ್ಲಗ್ಗಿನಿಂದಲೇ ಕಿತ್ತು ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿದಾಗ ಸಿನಿಮಾ 4ಕೆಯಲ್ಲಿ ಓಡಿತು. ರಿಮೋಟಿನಿಂದ ಆಫ್ ಮಾಡಿದರೆ ಬಾಕ್ಸ್ ಮಲಗುತ್ತದೆ ಅಷ್ಟೇ, ಹಳೇ ಒಪ್ಪಂದ ಮರೆಯುತ್ತದೆಂಬ ಖಾತ್ರಿ ಇಲ್ಲ.

ಪೋರ್ಟ್ ಸರಿಯಿದ್ದೂ 4ಕೆ 60 ಫ್ರೇಮ್ ಬರದಿದ್ದರೆ ಮೆನು ನೋಡಿ. ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’. ಆ ಪೋರ್ಟಿಗೆ ಮಾತ್ರ ಆನ್ ಮಾಡಿದರೆ ಸಾಕು.

ದಿನ 3: ಮೇಲಿನ ಟಿವಿ ಕೆಳಗೆ

ಹಳೇ ಟಿವಿಯನ್ನು ಕೆಳಗಿಳಿಸಿ ಅದೇ ಸಣ್ಣ ಕೇಬಲಿಗೆ ಸಿಕ್ಕಿಸಿದಾಗ ಸಿನಿಮಾ 1080ಪಿಯಲ್ಲಿ ತಡೆಯಿಲ್ಲದೆ ಓಡಿತು. ಟಿವಿ ನಿರಪರಾಧಿ. ಅದೇ ಟಿವಿ, ಅದೇ ಬಾಕ್ಸ್, ನಡುವೆ 15 ಮೀಟರಿನ ಕೇಬಲ್ ಮಾತ್ರ ಹಾಕಿದೊಡನೆ ಎರಡು ಸೆಕೆಂಡಿನ ಆಟ ಶುರು.

ಆ ಎರಡು ಸೆಕೆಂಡಿಗೆ ಅರ್ಥವಿದೆ. 1.4ರಲ್ಲಿ ಬೀಗ ಒಮ್ಮೆ ತೆರೆದರೆ ಮುಗಿಯಲಿಲ್ಲ. 128 ಫ್ರೇಮಿಗೊಮ್ಮೆ ಎರಡೂ ಕಡೆಯ ಲೆಕ್ಕ ತಾಳೆಯಾಗಬೇಕು. ಸೆಕೆಂಡಿಗೆ 60 ಫ್ರೇಮಿನಂತೆ ಅದು 2.1 ಸೆಕೆಂಡು. ತಾಳೆಯಾಗದಿದ್ದರೆ ಬಾಕ್ಸ್ ಚಿತ್ರ ನಿಲ್ಲಿಸಿ ಮೊದಲಿನಿಂದ ಶುರು ಮಾಡುತ್ತದೆ. ಕೇಬಲ್ ಉದ್ದವಾದಷ್ಟೂ ಡಿಡಿಸಿ ಎಳೆಗಳ ಕೆಪಾಸಿಟನ್ಸ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ) ಏರುತ್ತದೆ, ಚೌಕವಾಗಿರಬೇಕಾದ ಸಂಕೇತದ ಅಂಚು ಸವೆದು ಇಳಿಜಾರಾಗುತ್ತದೆ, ಟಿವಿಯ ಉತ್ತರವನ್ನು ಬಾಕ್ಸ್ ತಪ್ಪಾಗಿ ಓದುತ್ತದೆ. ತಾಳ ಹಾಕಿದಂತೆ ಸಮ ಅಂತರದಲ್ಲಿ ಚಿತ್ರ ಹೋಗಿ ಬಂದರೆ ಮೊದಲ ಅನುಮಾನ ಕೇಬಲಿನ ಮೇಲೆ. ಚಿತ್ರ ಬಾರದೇ ನೇರವಾಗಿ ಸಂದೇಶವೇ ಬಂದರೆ ಮೊದಲು ಆವೃತ್ತಿ ನೋಡಬೇಕು. ಈ ಮನೆಯಲ್ಲಿ ಎರಡೂ ರೋಗ ಒಟ್ಟಿಗಿದ್ದವು.

ಪಿನ್ನುಗಳ ಮೇಲಿನ ಧೂಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ ನೋಡಿದ್ದಾಯಿತು. ವ್ಯತ್ಯಾಸವಿಲ್ಲ.

ದಿನ 5: ಸ್ಪ್ಲಿಟರ್ ವಾಪಸ್

ಸ್ಪ್ಲಿಟರಿಗೆ ಕೆಳಗಿನ ಟಿವಿ ಮಾತ್ರ ಕೊಟ್ಟಾಗ 4ಕೆ ಬಂತು. ಎರಡನೇ ತೂತಿಗೆ ಹಳೇ ಟಿವಿಯನ್ನು ಸಣ್ಣ ಕೇಬಲಿನಿಂದ ಸಿಕ್ಕಿಸಿದ ಕೂಡಲೇ ಎರಡೂ ಕಪ್ಪು. ಇದು ಸ್ಪ್ಲಿಟರಿನ ದೋಷವಲ್ಲ, ಅದರ ಧರ್ಮ. ಬಾಕ್ಸಿನ ಕಣ್ಣಿಗೆ ಸ್ಪ್ಲಿಟರ್ ಒಂದು ರಿಪೀಟರ್, ಅಂದರೆ ಬಂದದ್ದನ್ನು ಮುಂದೆ ದಾಟಿಸುವವ, ತನ್ನ ಹಿಂದೆ ಯಾರ್‍ಯಾರು ಇದ್ದಾರೆಂದು ಅದು ಪಟ್ಟಿ ಒಪ್ಪಿಸಬೇಕು. ಪಟ್ಟಿಯಲ್ಲಿ ಒಬ್ಬ 1.4ನವನಿದ್ದರೆ ಇಡೀ ಪಂಗ್ತಿಗೆ ಅದೇ ಊಟ.

ಬಾಕ್ಸಿನ ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ ‘ಆಟೊ’ ಬಿಟ್ಟು 1080ಪಿಗೆ ಕಟ್ಟಿಹಾಕಿದಾಗ ಎರಡೂ ಟಿವಿ ಒಟ್ಟಿಗೆ ಓಡಿದವು. ದುಡ್ಡು ಹಾಕದ ಪರಿಹಾರ ಇದೊಂದೇ, ಬೆಲೆ ಕೆಳಗಿನ 4ಕೆ.

ಬೀಗವನ್ನೇ ಕಳಚಿಬಿಡುವ ಸ್ಪ್ಲಿಟರುಗಳ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ದಾರಿ ಈ ಕೆಲಸದಲ್ಲಿಲ್ಲ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಂ ಇಂಥ ರಕ್ಷಣೆ ಮುರಿಯುವುದರ ಬಗ್ಗೆಯೇ ಇದೆ. 1.x ಆವೃತ್ತಿಯ ಮೂಲ ಕೀಲಿಯೇ 2010ರಲ್ಲಿ ಬಯಲಾಗಿತ್ತು ಎಂಬುದು ಬೇರೆ ಮಾತು. ಕಳ್ಳ ಕಾಪಿ ನೋಡುವವನಿಗೆ ಕಪ್ಪು ಪರದೆ ಬರುವುದಿಲ್ಲ, ಬರುವುದು ರಸೀದಿ ಇಟ್ಟುಕೊಂಡವನಿಗೇ.

ದಿನ 8: ಕರೆಂಟ್ ಹೋಗಿ ಬಂದ ಮೇಲೆ

1080ಪಿಯಲ್ಲಿ ಮೂರು ದಿನ ಸರಿಯಿದ್ದದ್ದು ಕರೆಂಟ್ ಹೋಗಿ ಬಂದೊಡನೆ ಮತ್ತೆ ಕಪ್ಪು. ಮೂರೂ ಒಟ್ಟಿಗೆ ಏಳುತ್ತವೆ, ಟಿವಿ ಕಣ್ಣು ಬಿಡುವ ಮೊದಲೇ ಬಾಕ್ಸ್ ಬೀಗ ಕೇಳಿ ಸೋತಿರುತ್ತದೆ. ಆನ್ ಮಾಡುವ ಕ್ರಮ: ಮೊದಲು ಟಿವಿ, ಹತ್ತು ಸೆಕೆಂಡು ಬಿಟ್ಟು ಸ್ಪ್ಲಿಟರ್, ಕೊನೆಗೆ ಬಾಕ್ಸ್. ಬಾಕ್ಸನ್ನು ಇನ್ವರ್ಟರ್ ಲೈನಿಗೆ ಹಾಕಿದರೆ ಸಾಲದು, ಟಿವಿಯೂ ಅದೇ ಲೈನಿನಲ್ಲಿರಬೇಕು.

ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿಗೆ ಬಾಕ್ಸನ್ನು ಟಿವಿಯ ಬೆನ್ನಿಗೆ ಅಂಟಿಸಬೇಡಿ, ನಾಲ್ಕು ಬೆರಳು ಗಾಳಿ ಆಡಲಿ.

ದಿನ 12: ತೀರ್ಮಾನ

ಸ್ಪ್ಲಿಟರ್ ಹೊರಗೆ. ಕೆಳಗಿನ ಬಾಕ್ಸ್ ನೇರ 3ನೇ ಪೋರ್ಟಿಗೆ, ರೆಸಲ್ಯೂಶನ್ ಮತ್ತೆ ‘ಆಟೊ’. ಮೇಲಿನ ಟಿವಿಗೆ ತನ್ನದೇ 1080ಪಿ ಸ್ಟ್ರೀಮಿಂಗ್ ಸ್ಟಿಕ್, ಅದೇ ಖಾತೆ, ಕೊಂಡ ಸಿನಿಮಾಗಳು ಅಲ್ಲೂ ಕಾಣುತ್ತವೆ. ಸ್ಟಿಕ್ಕಿಗೆ ಪವರನ್ನು ಟಿವಿಯ ಯುಎಸ್‌ಬಿಯಿಂದ ತೆಗೆಯಬಾರದು. ಹಳೇ ಟಿವಿಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು ಅರ್ಧ ಆಂಪಿಯರ್, ಜತೆಗೆ ಬಂದ ಅಡಾಪ್ಟರೇ ಬೇಕು.

15 ಮೀಟರಿಗೆ ಫೈಬರ್ ಎಚ್‌ಡಿಎಂಐ ಹಾಕುವ ಯೋಚನೆಯೂ ಇತ್ತು. ಅದು ಎರಡು ಸೆಕೆಂಡಿನ ರೋಗಕ್ಕೆ ಮದ್ದಾಗಬಹುದು, 1.4ರ ರೋಗಕ್ಕಲ್ಲ. ಹಾಕುವವರು ದಿಕ್ಕು ನೋಡಿ: ‘ಸೋರ್ಸ್’ ಎಂದು ಬರೆದ ತುದಿ ಬಾಕ್ಸಿಗೆ, ‘ಡಿಸ್‌ಪ್ಲೇ’ ಎಂದದ್ದು ಟಿವಿಗೆ.

ಬಾಕಿ ಇರುವುದು ಮೇಲಿನ ಸ್ಟಿಕ್ಕಿಗೆ ಇಂಟರ್ನೆಟ್. ಗೋಡೆಯೊಳಗಿನ ಪೈಪಿನಲ್ಲಿರುವ ಹಳೇ ಎಚ್‌ಡಿಎಂಐ ಕೇಬಲಿನ ಒಂದು ಪ್ಲಗ್ ಕತ್ತರಿಸಿ, ಆ ತುದಿಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಕಟ್ಟಿ, ಇನ್ನೊಂದು ತುದಿಯಿಂದ ಎಳೆದುಕೊಳ್ಳುವುದು. ಗಂಟಿನ ಮೇಲೆ ಇನ್ಸುಲೇಶನ್ ಟೇಪ್ ಚೂಪಾಗಿ ಸುತ್ತಬೇಕು, ಇಲ್ಲದಿದ್ದರೆ ಪೈಪಿನ ಮೂಲೆಯಲ್ಲಿ ಸಿಕ್ಕಿಬೀಳುತ್ತದೆ.